ಹೂ ಬಲಕ್ಕೇ ಬಿತ್ತು, ಮೆಣಸಿನಕಾಯಿ ಮಾತ್ರ ಕೆಟ್ಟಿತು

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಚುರ್ ಅಂತು. ಗದಗದಲ್ಲಿ ರೊಟ್ಟಿ ಮಾಡಿ ಮಾರುವ ಧಂದೆ ಶುರು ಮಾಡಬೇಕು, ದೇವರ ಅಪ್ಪಣೆ ಹೇಗೆ ಕೇಳೋದು, ಎಷ್ಟು ದಿನ ಪ್ರಾರ್ಥನೆ ಮಾಡಬೇಕು, ಉತ್ತರ ಸಿಕ್ಕಿದೆ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದೀರಿ. ಅದೆಲ್ಲ ಇರಲಿ. ಕೊನೆಗೆ "ದೇವರೇ ಹೂಂ ಅಂದರೆ ನಮ್ಮ ಅತ್ತೆಯೂ ಸುಮ್ಮನಾಗುತ್ತಾರೆ" ಅಂತ ಬರೆದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಅದು ನನ್ನದೇ ಮಾತು. 2019ರಲ್ಲಿ ಆ ಮಾತಿಗೆ ನಾನು ತೆತ್ತ ದಂಡ ಎರಡು ಲಕ್ಷದ ಹತ್ತಿರ ಹತ್ತಿರ.

ಆಗ ನಾನು ಹುಬ್ಬಳ್ಳಿಯಲ್ಲಿ ಒಂದು ಕಿರಾಣಿ ಸಾಮಾನಿನ ಏಜೆನ್ಸಿಯಲ್ಲಿ ಸೇಲ್ಸ್‌ಮನ್. ದಿನಾ ಬೈಕ್ ಮೇಲೆ ಅಂಗಡಿ ಅಂಗಡಿ ತಿರುಗೋದು, ಆರ್ಡರ್ ಬರೆದುಕೊಳ್ಳೋದು. ಎಲ್ಲ ಅಂಗಡಿಯಲ್ಲೂ ಪ್ಯಾಕೆಟ್ ಖಾರಪುಡಿ ಹೋಗುತ್ತಿದ್ದ ರೀತಿ ನೋಡಿ ನೋಡಿ ತಲೆಯಲ್ಲಿ ಹುಳ ಹೊಕ್ಕಿತು. ನಮ್ಮವ್ವ ಮಾಡುವ ಮಸಾಲೆ ಖಾರ ಇಡೀ ಓಣಿಗೆ ಗೊತ್ತು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಕೊಬ್ಬರಿ ಎಣ್ಣೆಯಲ್ಲಿ ಹುರಿದು ಖಾರದ ಜೊತೆ ಕುಟ್ಟಿ ಡಬ್ಬಿ ತುಂಬಿದರೆ ವರ್ಷಗಟ್ಟಲೆ ಇರುತ್ತೆ. ಅದನ್ನೇ ಪ್ಯಾಕ್ ಮಾಡಿ ಮಾರಿದರೆ? ಖಾರ ಕುಟ್ಟುವ ಮಷೀನಿಗೆ ಮುಂಗಡ ಕೊಟ್ಟೆ. ಹಳೇ ಹುಬ್ಬಳ್ಳಿಯಲ್ಲಿ ಒಂದು ತಗಡಿನ ಶೆಡ್ ಬಾಡಿಗೆಗೆ ಹಿಡಿದೆ. ಇಷ್ಟೆಲ್ಲ ಆದ ಮೇಲೆ ದೇವರ ನೆನಪಾಯಿತು ನೋಡಿ!

ನಮ್ಮೂರು ಕುಂದಗೋಳ ತಾಲೂಕಿನಲ್ಲಿದೆ. ಊರ ಕಲ್ಮೇಶ್ವರನ ಗುಡಿಯಲ್ಲಿ ಹೂ ಹಚ್ಚಿ ಪ್ರಸಾದ ಕೇಳುವ ಪದ್ಧತಿ ಹಿಂದಿನಿಂದಲೂ ಇದೆ. ನಿಮ್ಮ ಕಡೆಯೂ ಇರುತ್ತೆ. ಪೂಜಾರಪ್ಪ ನೀರಲ್ಲಿ ಅದ್ದಿದ ಹೂವನ್ನ ಲಿಂಗದ ಎಡಕ್ಕೆ ಬಲಕ್ಕೆ ಹಚ್ಚುತ್ತಾರೆ. ನಾವು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂರಬೇಕು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಆ ಸೋಮವಾರ ನಾನು ಮುಕ್ಕಾಲು ಗಂಟೆ ಕೂತಿದ್ದೆ. ಕಾಲು ಜೋಮು ಹಿಡಿದಿತ್ತು. ಎಡಗಡೆಯ ಸೇವಂತಿಗೆ ಒಮ್ಮೆ ಜಾರಿ, ಅರ್ಧ ಬೆರಳು ಕೆಳಗೆ ಬಂದು, ಅಲ್ಲೇ ಅಂಟಿಕೊಂಡಿತು. ಆ ಹೊತ್ತಿನಲ್ಲಿ ನನ್ನ ಎದೆ ಹೊಡೆದುಕೊಂಡಿದ್ದು ಇವತ್ತಿಗೂ ನೆನಪಿದೆ. ಆಮೇಲೆ ಬಲಗಡೆಯದು ಟಪ್ ಅಂತ ಬಿತ್ತು. ಪೂಜಾರಪ್ಪ ಅದನ್ನ ಎತ್ತಿ ನನ್ನ ಕೈಗೆ ಹಾಕಿದರು. ಶರ್ಟಿನ ಕಿಸೆಯಲ್ಲಿಟ್ಟುಕೊಂಡು ಬಂದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಓದಿ.

ಫೆಬ್ರವರಿಯಲ್ಲಿ ಬ್ಯಾಡಗಿಗೆ ಹೋದೆ. ಆವಕ ಜೋರಿದ್ದ ಕಾಲ. ಬ್ಯಾಡಗಿ ಮಾರುಕಟ್ಟೆಗೆ ನೀವು ಆ ದಿನಗಳಲ್ಲಿ ಹೋಗಿಲ್ಲ ಅಂದರೆ ಒಮ್ಮೆ ಹೋಗಿ ನೋಡಿ, ಊರಿಗೆ ಊರೇ ಕೆಂಪು, ಕಾಲಿಟ್ಟ ಗಳಿಗೆಯಿಂದ ಸೀನು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ತಳಿ, ಡಬ್ಬಿ ಬೇರೆ, ಕಡ್ಡಿ ಬೇರೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಜನ ದುಡ್ಡು ಕೊಡೋದು ಬಣ್ಣಕ್ಕೆ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು, ಕೂಡ ಸಿಕ್ಕಿದೆ. ನಾನು ಕಡ್ಡಿ ತಗೊಂಡೆ, 45 ಚೀಲ, ಲೆಕ್ಕಕ್ಕೆ 18 ಕ್ವಿಂಟಲ್, ಎಲ್ಲ ಸೇರಿ 2 ಲಕ್ಷ 20 ಸಾವಿರ. ಅದರಲ್ಲಿ ನನ್ನ ಉಳಿತಾಯ ಅರ್ಧ, ಇನ್ನರ್ಧ ಮನೆಯವಳ ಬೋರಮಾಳ ಸರ ಅಡವಿಟ್ಟು ತಂದಿದ್ದು. ಸೀಸನ್ನಿನಲ್ಲಿ ತಗೊಂಡು ವರ್ಷವಿಡೀ ಕುಟ್ಟಿ ಮಾರೋಣ ಅನ್ನೋದು ನನ್ನ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ, ಇದನ್ನ ನೆನಪಿಡಿ.

ದಲಾಲಿ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಗುಮಾಸ್ತರಿದ್ದರು. ಚೀಲ ಹೊಲಿಸುತ್ತಾ ನನ್ನನ್ನ ಕೇಳಿದರು, "ಎಲ್ಲಿ ಇಡಾಂವ ತಮ್ಮಾ?" ಶೆಡ್ಡಿನ ವಿಷಯ ಹೇಳಿದೆ. ಅವರು ಚೀಲಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದು ರಾಶಿಯಿಂದ ಒಂದು ತಂದು ಅಲ್ಲಾಡಿಸಿದರು. ಒಳಗೆ ಬೀಜ ಗಿಲಿಗಿಲಿ ಅಂದವು. "ಇದು ಒಣಗಿದ್ದು. ನಿಂದು ಮುರೀಬಾರದಂತ ನೀರು ಹೊಡದಾರ. ಮೊದಲ ಎರಡು ದಿನ ಬಿಸಲಿಗೆ ಹಾಕು. ಆಮ್ಯಾಲ ಇಲ್ಲೇ ಕೋಲ್ಡ್ ಸ್ಟೋರೇಜಿಗೆ ಹಾಕು, ಬೇಕಾದಷ್ಟ ಒಯ್ಕೋತ ಹೋಗು. ಮಳಿಗಾಲದಾಗ ಹೊರಗಿಟ್ಟರ ಬಣ್ಣ ಹೋಗತೈತಿ."

ಎಷ್ಟು ಬಿಡಿಸಿ ಹೇಳಿದರು ನೋಡಿ. ಯಾರೂ ದುಡ್ಡು ತಗೊಂಡೂ ಇಷ್ಟು ಚೆನ್ನಾಗಿ ಹೇಳೋದಿಲ್ಲ. ಅದಕ್ಕೆ ನಾನು ಕೊಟ್ಟ ಉತ್ತರ ಏನು ಗೊತ್ತಾ? ಕಿಸೆ ಮುಟ್ಟಿಕೊಂಡು "ಪ್ರಸಾದ ಆಗೇತ್ರಿ, ಬಲಕ್ಕ" ಅಂದೆ. ಗುಮಾಸ್ತರು ಒಂದು ಗಳಿಗೆ ನನ್ನ ಮುಖ ನೋಡಿ, "ಛಲೋ ಆತು" ಅಂತ ಹೇಳಿ ಮುಂದಿನ ಚೀಲಕ್ಕೆ ಹೋದರು. ದೇವರ ಮಾತು ಬಂದ ಮೇಲೆ ಯಾರು ತಾನೇ ಎದುರು ಮಾತಾಡುತ್ತಾರೆ?

ಮನೆಯಲ್ಲೂ ಅದೇ. "ಮಳಿ ಹತ್ತಿದರ ಏನ್ ಮಾಡ್ತೀರಿ?" ಅಂತ ಮನೆಯವಳು ಕೇಳಿದಳು, ಸರ ಅವಳದು, ಕೇಳುವ ಹಕ್ಕು ಇತ್ತು. ಅವಳಿಗೂ ಹೂವಿನ ಉತ್ತರ. ಶೆಡ್ಡಿನ ಮಾಲಕರು ತಗಡು ಹಳೆಯದು ಅಂದರು. ಅವರಿಗೂ ಹೂವಿನ ಉತ್ತರ. ಕೋಲ್ಡ್ ಸ್ಟೋರೇಜಿನ ಬಾಡಿಗೆ ಅಷ್ಟೂ ಚೀಲಕ್ಕೆ ಸುಮಾರು 6 ಸಾವಿರ ಆಗುತ್ತಿತ್ತು. ಆ 6 ಸಾವಿರ ಉಳಿಸೋಕೆ ನಾನು ಕಲ್ಮೇಶ್ವರನನ್ನ ಸಾಕ್ಷಿ ಮಾಡಿದೆ. ನಾನು ದೇವರನ್ನ ಕೇಳಿದ್ದು ಒಂದೇ ಪ್ರಶ್ನೆ, ಈ ಧಂದೆ ಮಾಡಲೋ ಬೇಡವೋ ಅಂತ. ಸಿಕ್ಕಿದ್ದೂ ಒಂದೇ ಉತ್ತರ. ಆ ಒಂದು ಉತ್ತರವನ್ನ ಎಲ್ಲಿ ಇಡಲಿ, ಹೇಗೆ ಒಣಗಿಸಲಿ, ಎಷ್ಟು ಕೊಳ್ಳಲಿ, ಯಾರನ್ನ ಕೇಳಲಿ ಅನ್ನುವ ಹತ್ತು ಪ್ರಶ್ನೆಗೆ ಹಂಚಿಬಿಟ್ಟೆ. ಜ್ವರ ಬಂದವನಿಗೆ ಕೊಟ್ಟ ಗುಳಿಗೆಯನ್ನ ಇಡೀ ಮನೆಯವರು ಮುರಿದುಕೊಂಡು ತಿಂದ ಹಾಗೆ.

ಆ ವರ್ಷ ಆಗಸ್ಟ್ ಹೇಗಿತ್ತು ಅಂತ ಗದಗದವರಾದ ನಿಮಗೆ ನಾನು ಹೇಳಬೇಕಿಲ್ಲ. ಮಲಪ್ರಭೆ ಉಕ್ಕಿ ನರಗುಂದ, ರೋಣದ ಕಡೆ ಊರಿಗೆ ಊರೇ ನೀರಲ್ಲಿದ್ದವು. ಹುಬ್ಬಳ್ಳಿಯಲ್ಲಿ ದಿನಗಟ್ಟಲೆ ಸೂರ್ಯ ಕಾಣಲಿಲ್ಲ. ಮಷೀನಿಗೆ ಕರೆಂಟ್ ಕನೆಕ್ಷನ್ ಸಿಗೋದು ತಡವಾಗಿ ಅಷ್ಟರಲ್ಲಿ ನಾನು ಬರೀ ನಾಲ್ಕು ಚೀಲ ಕುಟ್ಟಿದ್ದೆ. ತಮಾಷೆ ಅಂದರೆ ಹಳೇ ತಗಡು ಒಂದು ಹನಿಯೂ ಸೋರಲಿಲ್ಲ. ಸೋರಬೇಕಾಗೇ ಇಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು, ಮೆಣಸಿನಕಾಯಿ ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಳ್ಳುತ್ತೆ. ಅದೂ ಮೊದಲೇ ನೀರು ಕುಡಿದಿದ್ದ ಕಾಯಿ.

ಮಳೆ ಹೊಳವಾದ ಮೇಲೆ ಒಂದು ಚೀಲದ ಹೊಲಿಗೆ ಬಿಚ್ಚಿದೆ. ಘಾಟು ಬರಲಿಲ್ಲ. ಮೆಣಸಿನಕಾಯಿ ಚೀಲ ಬಿಚ್ಚಿದರೆ ಸೀನು ಬರಬೇಕಲ್ವಾ? ಮುಗ್ಗಲು ವಾಸನೆ ಬಂತು, ಮಳೆಗಾಲದಲ್ಲಿ ಒಣಗದ ಬಟ್ಟೆಯ ಹಾಗೆ. ಕಾಯಿ ಹಿಡಿದರೆ ಹಳೇ ಚಪ್ಪಲಿಯ ತೊಗಲಿನ ಹಾಗೆ ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಸೀಳಿ ನೋಡಿದೆ. ಬೀಜದ ಸುತ್ತ ಬೂದು ಬಣ್ಣದ ಬೂಸ್ಟು. ಗೋಡೆಗೆ ತಾಗಿದ್ದ ಚೀಲಗಳಲ್ಲಿ ಬಣ್ಣವೇ ಇಲ್ಲ, ಬಿಳಿಚಿಕೊಂಡು ಹುಲ್ಲಿನ ಹಾಗಾಗಿತ್ತು. 41 ಚೀಲದಲ್ಲಿ ಆರಿಸಿ ಆರಿಸಿ ಐದು ಚೀಲದಷ್ಟು ಒಳ್ಳೆಯ ಕಾಯಿ ಸಿಕ್ಕಿತು.

ಒಬ್ಬರು ಬಂದು, ಎಲ್ಲ ಸೇರಿಸಿ ಕುಟ್ಟಿ ಸ್ವಲ್ಪ ಬಣ್ಣ ಹಾಕಿಬಿಡು, ಯಾರಿಗೆ ಗೊತ್ತಾಗುತ್ತೆ ಅಂದರು. ಬೂಸ್ಟು ಹಿಡಿದ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಆಗಬಹುದು, ಹುರಿದರೂ ಅದು ಪೂರ್ತಿ ಹೋಗೋದಿಲ್ಲ. ಅದನ್ನ ನಮ್ಮವ್ವನ ಹೆಸರಲ್ಲಿ ಮಾರೋದಾ? ತಿಪ್ಪೆಗೆ ಹಾಕಿಸಿದೆ. ಅದಕ್ಕೂ ಟ್ರಾಕ್ಟರ್ ಬಾಡಿಗೆ ಕೊಟ್ಟೆ.

ಸಿಟ್ಟು ಯಾರ ಮೇಲೆ ಬಂತು? ದೇವರ ಮೇಲೆ. ಊರಿಗೆ ಹೋಗಿ ಪೂಜಾರಪ್ಪನವರ ಮುಂದೆ ಜಗಳಕ್ಕೆ ನಿಂತೆ. ಅವರು ಹುಣಸೆಹಣ್ಣು ಹಚ್ಚಿ ದೀಪದ ಸಮೆ ತಿಕ್ಕುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಅವತ್ತ ಏನಂತ ಕೇಳಿದ್ದಿ?"

"ಧಂದೆ ಮಾಡಲೋ ಬ್ಯಾಡೋ ಅಂತ."

"ತಗಡಿನ ಕೆಳಗ ಇಡಲೋ ಅಂತ ಕೇಳಿದ್ದಿ ಏನು?"

"ಇಲ್ಲ."

"ಮತ್ತ?"

ಅಷ್ಟೇ. ಸಮೆ ತೊಳೆಯೋಕೆ ಎದ್ದು ಹೋದರು.

ಇನ್ನೂ ಹೊಟ್ಟೆ ಉರಿಯುವ ಸಂಗತಿ ಆಮೇಲೆ ಬಂತು. ಮಳೆಗೆ ಹೊಲದಲ್ಲಿದ್ದ ಬೆಳೆ ಹಾಳಾಗಿ ಮುಂದೆ ಬ್ಯಾಡಗಿ ಕಾಯಿಯ ದರ ಏರಿತು. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟವರು ಒಳ್ಳೆ ದುಡ್ಡು ಮಾಡಿಕೊಂಡರು. ಅಂದರೆ ಹೂ ಸುಳ್ಳು ಹೇಳಿರಲಿಲ್ಲ ಅಕ್ಕಾ. ಧಂದೆ ಸರಿಯಾಗೇ ಇತ್ತು. ಗುಮಾಸ್ತರೂ ಸರಿಯಾಗೇ ಇದ್ದರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಉತ್ತರ ಸಿಕ್ಕಿದೆ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳುತ್ತಿದ್ದೀರಿ. ಸಿಕ್ಕೇ ಸಿಗುತ್ತೆ, ಬೇಕು ಅಂದವರಿಗೆ ಹಲ್ಲಿಯೂ ಉತ್ತರ ಹೇಳುತ್ತೆ. ರಾಣೇಬೆನ್ನೂರ ಹತ್ತಿರ ದೇವರಗುಡ್ಡದಲ್ಲಿ ದಸರಾ ಹೊತ್ತಿಗೆ ಗೊರವಯ್ಯ ಬಿಲ್ಲು ಏರಿ "ಸದ್ದಲೇ" (ಸುಮ್ಮನಿರಿ) ಅಂತ ಕೂಗಿ ಒಂದೇ ಒಂದು ಸಾಲು ಕಾರಣಿಕ, ಅಂದರೆ ಮುಂದಿನ ವರ್ಷದ ಭವಿಷ್ಯ, ನುಡಿಯುತ್ತಾರಲ್ಲ, ನಾನು ಏಜೆನ್ಸಿಯಲ್ಲಿದ್ದಾಗ ಮಾರನೇ ದಿನ ಅಂಗಡಿಗಳಲ್ಲಿ ಅದೇ ಮಾತು. ಮಾಲು ಇಟ್ಟುಕೊಂಡವನಿಗೆ ಆ ಸಾಲಿನಲ್ಲಿ ದರ ಏರುವುದು ಕಾಣುತ್ತಿತ್ತು, ಕೊಳ್ಳಬೇಕಾದವನಿಗೆ ಇಳಿಯುವುದು ಕಾಣುತ್ತಿತ್ತು. ರಾಜಕೀಯದವರ ಮಾತಂತೂ ಬಿಡಿ. ನಾನೂ ಎಡಗಡೆ ಹೂ ಬಿದ್ದಿದ್ದರೆ ಮುಂದಿನ ಸೋಮವಾರ ಮತ್ತೆ ಹೋಗಿ ಕೂರುತ್ತಿದ್ದೆ, ಮಷೀನಿಗೆ ಮುಂಗಡ ಕೊಟ್ಟಾಗಿತ್ತಲ್ಲ!

ನಿಮ್ಮ ಅತ್ತೆ ಯಾಕೆ ಬೇಡ ಅಂತಾರೆ? ಇಷ್ಟುದ್ದ ಪ್ರಶ್ನೆಯಲ್ಲಿ ಅದನ್ನ ಒಂದು ಕಡೆಯೂ ಬರೆದಿಲ್ಲ. ಅವರು ಐವತ್ತು ವರ್ಷ ರೊಟ್ಟಿ ಬಡಿದ ಕೈಯವರಿರಬಹುದು. ಜೋಳ ಹಳೆಯದಾದರೆ ಹಿಟ್ಟು ಜಿಗಿ ಬರೋದಿಲ್ಲ ಅಂತ ಅವರಿಗೆ ಗೊತ್ತಿರುತ್ತೆ, ದಿನಕ್ಕೆ ಎಷ್ಟು ರೊಟ್ಟಿ ಬಡಿದರೆ ಹೆಗಲು ಹಿಡಿಯುತ್ತೆ ಅನ್ನೋದು ಗೊತ್ತಿರುತ್ತೆ. ಅವರ ಬಾಯಿ ಮುಚ್ಚಿಸೋಕೆ ವೀರನಾರಾಯಣನನ್ನೋ ತ್ರಿಕೂಟೇಶ್ವರನನ್ನೋ ಕರೆತರಬೇಡಿ. ಕೂತು ಕೇಳಿ. ನೋಟ್‌ಬುಕ್ ತಗೊಂಡು ಕೇಳಿ. ಖಾನಾವಳಿಯವರನ್ನ ಕೇಳಿ, ಅವರು ಒಣಗಿಸಿದ ಕಟಕ ರೊಟ್ಟಿ ಎಷ್ಟಕ್ಕೆ ಕೊಳ್ಳುತ್ತಾರೆ, ದುಡ್ಡು ವಾರಕ್ಕೆ ಕೊಡುತ್ತಾರಾ ತಿಂಗಳಿಗಾ. ಈಗಾಗಲೇ ರೊಟ್ಟಿ ಮಾಡಿ ಮಾರುತ್ತಿರುವ ಹೆಂಗಸರ ಹತ್ತಿರ ಹೋಗಿ ಎರಡು ದಿನ ಸುಮ್ನೆ ಕೈಗೂಡಿಸಿ ಬನ್ನಿ.

ಪ್ರಾರ್ಥನೆ ಬೇಡ ಅಂತ ಹೇಳುತ್ತಿಲ್ಲ. ನಾನು ಸೋಮವಾರ ಸಿದ್ಧಾರೂಢ ಮಠ ತಪ್ಪಿಸೋದಿಲ್ಲ. ಏಜೆನ್ಸಿ ಕೆಲಸಕ್ಕೆ ವಾಪಸ್ ಹೋಗಿ ಸರ ಬಿಡಿಸೋಕೆ ಎರಡು ವರ್ಷ ಹಿಡಿಯಿತು, ಆ ಎರಡು ವರ್ಷ ನನ್ನನ್ನ ಹಿಡಿದು ನಿಲ್ಲಿಸಿದ್ದು ಆ ಜಾಗವೇ. ಅಜ್ಜನ ಗದ್ದುಗೆಗೆ ನಮಸ್ಕಾರ ಮಾಡಿ, "ಓಂ ನಮಃ ಶಿವಾಯ" ಕೇಳುತ್ತಾ ಒಂದು ಗಂಟೆ ಕೂತು, ಪ್ರಸಾದ ಉಂಡು ಎದ್ದು ಬರುತ್ತೇನೆ. ಏನೂ ಕೇಳೋದಿಲ್ಲ. ಒಮ್ಮೊಮ್ಮೆ ಅಲ್ಲಿ ಕೂತಾಗ ಆ ವಾರ ಯಾರ ಮಾತನ್ನ ತಳ್ಳಿಹಾಕಿದೆ ಅನ್ನೋದು ನೆನಪಾಗುತ್ತೆ, ಹೊರಗೆ ಬಂದು ಫೋನ್ ಮಾಡುತ್ತೇನೆ. ಇದಕ್ಕೆ ದೇವರ ಮಾರ್ಗದರ್ಶನ ಅಂತ ಹೆಸರಿಡುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು.

2021ರಲ್ಲಿ ಮತ್ತೆ ಶುರು ಮಾಡಿದೆ. ಮೊದಲ ವರ್ಷ ಒಂದು ಸಲಕ್ಕೆ ಒಂದೇ ಚೀಲ. ಮನೆಯವಳು ಪ್ರತಿ ಚೀಲದಿಂದ ಹತ್ತು ಕಾಯಿ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ, ಹತ್ತರಲ್ಲಿ ಒಂದು ಸುಮ್ಮನಿದ್ದರೂ ಚೀಲ ಬಿಸಿಲಿಗೆ. ಗುಮಾಸ್ತರು ಈಗ ಅಂಗಡಿಗೆ ಬರೋದಿಲ್ಲ, ಮನೆಯಲ್ಲೇ ಇದ್ದಾರೆ. ಬ್ಯಾಡಗಿಗೆ ಹೋದಾಗ ಒಂದು ಡಬ್ಬಿ ಮಸಾಲೆ ಖಾರ ಕೊಟ್ಟು ಬರುತ್ತೇನೆ. ಹೋದ ಸಲ ಉಪ್ಪು ಕಡಿಮೆ ಅಂದರು.

ಅತ್ತೆ ಏನಂದರು ಅಂತ ತಿಳಿಸಿ. ರೊಟ್ಟಿ ಜೊತೆಗೆ ಖಾರವನ್ನೂ ಇಟ್ಟು ಮಾರುವುದಾದರೆ ಹೇಳಿ, ಈ ಸಲದ ಮಾಲು ಅಷ್ಟೂ ಕೋಲ್ಡ್ ಸ್ಟೋರೇಜಿನಲ್ಲಿದೆ.