ಬಡ್ತಿ ವಾಪಸ್ ಕೊಡ್ತೀನಿ ಎಂದ ಎಚ್‌ಎಂ ಮೇಡಂ

ಅವರನ್ನು ಇಲ್ಲಿ ಸುಜಾತಾ ಎಂದು ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ಐವತ್ತರ ಹತ್ತಿರ, ಮನೆ ಹಾಸನದಲ್ಲಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ವಿಜ್ಞಾನ ಪಾಠ ಮಾಡಿದವರು. ಬಡ್ತಿ ಸಿಕ್ಕಿ ಸಕಲೇಶಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ (ಎಚ್‌ಎಂ) ಹೋದರು.

ನನ್ನ ಹತ್ತಿರ ಸಮಾಲೋಚನೆಗೆ ಬಂದಾಗ ಒಂದೇ ಪ್ರಶ್ನೆ ಇಟ್ಟರು. "ಹಿಂಬಡ್ತಿ ಕೇಳಿ ಅರ್ಜಿ ಬರೆದಿಟ್ಟಿದ್ದೀನಿ ಮೇಡಂ. ಕೊಡ್ಲಾ, ಬೇಡ್ವಾ?"

ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ಬಸ್ ಹತ್ತುವಾಗ ಎದೆ ಹಿಡಿದುಕೊಂಡಂತಾಗುತ್ತಿತ್ತು. ಮೊದಲು ಬಿಪಿ, ಥೈರಾಯ್ಡ್, ಇಸಿಜಿ ಮಾಡಿಸಿಕೊಂಡು ಬನ್ನಿ ಎಂದೆ. ಈ ವಯಸ್ಸಿನಲ್ಲಿ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬಾರದು. ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಆದರೂ ರಾತ್ರಿ ಹೊತ್ತು ತಡೆಯಲಾಗದಿದ್ದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ. ರಿಪೋರ್ಟುಗಳಲ್ಲಿ ಬಿಪಿ ಸ್ವಲ್ಪ ಜಾಸ್ತಿ ಇತ್ತು, ಅಷ್ಟೇ.

ಕೆಲಸದ ವಿಷಯ ಕೇಳಿದಾಗ ಅವರು ಬ್ಯಾಗಿನಿಂದ ಒಂದು ಬೀಗದಕೈ ಗೊಂಚಲು ತೆಗೆದು ಮೇಜಿನ ಮೇಲಿಟ್ಟರು. ಯಾವುದು ಎಲ್ಲಿಯದು ಎಂದು ಕೇಳುತ್ತಾ ಹೋದೆ. ಆಫೀಸು, ಬೀರು, ವಿಜ್ಞಾನ ಪ್ರಯೋಗಾಲಯ, ಕಂಪ್ಯೂಟರ್ ಕೊಠಡಿ, ಬಿಸಿಯೂಟದ ದಾಸ್ತಾನು ಕೋಣೆ, ಆಟದ ಸಾಮಾನು, ಕೊನೆಗೆ ಹೆಣ್ಣುಮಕ್ಕಳ ಶೌಚಾಲಯದ್ದೂ. ಎಲ್ಲವೂ ಅವರ ಹತ್ತಿರವೇ. ಅಡುಗೆಯವರು ಅಕ್ಕಿ ಅಳೆಯಬೇಕಾದರೂ ಇವರ ಬಸ್ಸಿಗೆ ಕಾಯಬೇಕು. "ಏನಾದ್ರೂ ಕಮ್ಮಿ ಬಂದ್ರೆ ಸಹಿ ನನ್ನದೇ ಅಲ್ವಾ ಮೇಡಂ" ಎಂದರು.

ಆ ಭಯಕ್ಕೆ ಕಾರಣ ಇತ್ತು. ಪ್ರೌಢಶಾಲೆಯಲ್ಲಿ ಸಂಬಳದ ಬಿಲ್ಲಿಗೆ ಸಹಿ ಹಾಕಬೇಕಾದವರು ಎಚ್‌ಎಂ. ಕ್ಯಾಷ್ ಬುಕ್, ಮಕ್ಕಳ ಮತ್ತು ಶಾಲೆಯ ವಿವರ ತುಂಬುವ ಸ್ಯಾಟ್ಸ್, ಯು-ಡೈಸ್ ಆನ್‌ಲೈನ್ ದಾಖಲೆ, ಹಾಲಿನ ಪುಡಿ ಮತ್ತು ಮೊಟ್ಟೆಯ ಲೆಕ್ಕ, ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆ, ಟಿಸಿ ಎಲ್ಲವೂ ಅವರ ತಲೆಗೇ. ಆ ಶಾಲೆಯಲ್ಲಿ ಗುಮಾಸ್ತರ ಹುದ್ದೆ ಖಾಲಿ. ಜುಲೈ ಬಂದರೆ ರಾತ್ರಿ ಹತ್ತರವರೆಗೂ ಪೋಷಕರ ಫೋನ್, "ಮಳೆ ಜೋರು, ನಾಳೆ ರಜೆನಾ ಮೇಡಂ?" ತೋಟದ ಹತ್ತಿರ ಆನೆ ಬಂದಿದೆ, ಮಕ್ಕಳನ್ನು ಬೇಗ ಬಿಡಿ ಅಂತ ಇನ್ನೊಂದು ಕಡೆಯಿಂದ. ಇದರ ಮೇಲೆ ಫಲಿತಾಂಶದ ಒತ್ತಡ. 2019ರಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿತ್ತು. ಸಭೆಗಳಲ್ಲಿ ಆ ಮಾತು ಈಗಲೂ ಬರುತ್ತದೆ ಎಂದರು.

ಆದರೆ ಅವರಿಗೆ ನಿಜವಾಗಿ ನೋವು ಕೊಟ್ಟಿದ್ದು ಬೇರೆ. ಇವರು ಬರುವ ಮೊದಲು ಅಲ್ಲಿನ ಗಣಿತದ ಮೇಷ್ಟ್ರು ಪ್ರಭಾರ ಎಚ್‌ಎಂ ಆಗಿದ್ದರು. ಸ್ಟಾಫ್ ಮೀಟಿಂಗಿನಲ್ಲಿ ಇವರು ಏನು ಹೇಳಿದರೂ ಅವರು ಕಿಟಕಿ ಕಡೆ ನೋಡುತ್ತಾ "ನಮ್ಮ ಕಾಲದಲ್ಲಿ ಹೀಗಿರ್ಲಿಲ್ಲ" ಅನ್ನುತ್ತಿದ್ದರು. ಉಳಿದವರು ಸುಮ್ನಿರುತ್ತಿದ್ದರು. ಮೊದಲಿನ ಶಾಲೆಯಲ್ಲಿ ಜೊತೆಗೆ ಕೂತು ಊಟ ಮಾಡಲು ನಾಲ್ಕು ಜನ ಗೆಳತಿಯರಿದ್ದರು. ಇಲ್ಲಿ ಡಬ್ಬಿ ಬಿಚ್ಚುವುದೂ ಒಬ್ಬರೇ, ಆಫೀಸಿನಲ್ಲಿ. ಯಾರನ್ನಾದರೂ ಕೇಳಿದರೆ ಇವರಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತಾರೆ ಎಂಬ ಅಳುಕಿನಿಂದ ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಹೊಸ ಎಚ್‌ಎಂಗಳು ಕುಸಿಯುವುದು ಸಾಮರ್ಥ್ಯ ಇಲ್ಲದೆ ಅಲ್ಲ, ಕೇಳಲು ಜನ ಇಲ್ಲದೆ. ಇದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ತರಬೇತಿ ಇಲ್ಲವೆಂದಲ್ಲ. ಧಾರವಾಡದ ಸಿಸ್ಲೆಪ್ ಸಂಸ್ಥೆ ಶಾಲಾ ನಾಯಕತ್ವದ ತರಬೇತಿ ನಡೆಸುತ್ತದೆ. ಜಿಲ್ಲೆಯಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮುಖ್ಯಸ್ಥರಿಗೆ ವರ್ಷಕ್ಕೆ 50 ಗಂಟೆ ಕಲಿಕೆ ಇರಬೇಕು ಅನ್ನುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಮೇಷ್ಟ್ರೊಬ್ಬರು ಮುಖ ತಿರುಗಿಸಿದಾಗ ಏನು ಮಾಡಬೇಕು ಎಂದು ಕೇಳಲು ಒಬ್ಬ ಮನುಷ್ಯ ಬೇಕು.

ಅರ್ಜಿಯ ಬಗ್ಗೆ ನಾನು ಕೊಡಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಮಧ್ಯವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಬೀರುವಿನಲ್ಲಿರಲಿ, ನಿದ್ದೆ ಇಲ್ಲದ ತಿಂಗಳಲ್ಲಿ ಇಂಥ ತೀರ್ಮಾನ ಬೇಡ ಎಂದೆ.

ಆಮೇಲೆ ಬೀಗದಕೈ ಹಂಚುವ ಕೆಲಸ. ಪ್ರಯೋಗಾಲಯದ್ದು ವಿಜ್ಞಾನದ ಶಿಕ್ಷಕಿಗೆ, ಆಟದ ಸಾಮಾನಿನದು ಪಿಇಟಿ ಮೇಷ್ಟ್ರಿಗೆ, ದಾಸ್ತಾನು ಕೋಣೆಯದು ಬಿಸಿಯೂಟ ನೋಡಿಕೊಳ್ಳಲು ಒಪ್ಪುವ ಒಬ್ಬ ಶಿಕ್ಷಕರಿಗೆ. ಸುಮ್ನೆ ಕೊಡಬೇಡಿ, ದಾಸ್ತಾನು ವಹಿಯಲ್ಲಿ ಎಣಿಸಿ ಬರೆದು, ಇಬ್ಬರೂ ಸಹಿ ಹಾಕಿ ಕೊಡಿ, ತಿಂಗಳಿಗೊಮ್ಮೆ ನೀವೇ ಹೋಗಿ ನೋಡಿ ಎಂದೆ. ಶೌಚಾಲಯಕ್ಕೆ ಶಾಲೆಯ ಹೊತ್ತಿನಲ್ಲಿ ಬೀಗವೇ ಬೇಡ. ಅದಕ್ಕೆ ಅವರು ತಕ್ಷಣ ಒಪ್ಪಿದರು.

ಗಣಿತದ ಮೇಷ್ಟ್ರ ಜೊತೆ ಮೀಟಿಂಗಿನಲ್ಲಿ ವಾದ ಬೇಡ, ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿ ಎಂದೆ. ಏನು ಹೇಳಬೇಕು ಅಂತ ನನ್ನೆದುರೇ ಹೇಳಿ ನೋಡಿದರು. ಮೊದಲ ಸಲ ಕ್ಷಮೆ ಕೇಳುವ ಹಾಗೆ ಬಂತು, ಎರಡನೇ ಸಲ ಗದರಿದ ಹಾಗೆ. ಕೊನೆಗೆ ಹೀಗೆ ನಿಂತಿತು: "ಸಾರ್, ಈ ಶಾಲೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹತ್ತನೇ ಕ್ಲಾಸಿನ ಸಂಜೆ ತರಗತಿಗಳ ಜವಾಬ್ದಾರಿ ನೀವೇ ತಗೊಳ್ಳಿ. ನನ್ನ ತಪ್ಪು ಕಂಡ್ರೆ ಇಲ್ಲಿ ಬಂದು ಹೇಳಿ, ಕೇಳ್ತೀನಿ. ಮೀಟಿಂಗಲ್ಲಿ ಮಾತ್ರ ಬೇಡ."

ನೀವು ಮಾಡುವ ಎಂಟನೇ ತರಗತಿಯ ವಿಜ್ಞಾನ ಪಾಠವನ್ನು ಬಿಡಬೇಡಿ ಎಂದೂ ಹೇಳಿದೆ. ಪಾಠದ ಮಾತು ಬಂದಾಗ ಮಾತ್ರ ಅವರ ಮುಖ ಅರಳುತ್ತಿತ್ತು.

ಮುಖ್ಯವಾದದ್ದು ಹಿರಿಯರೊಬ್ಬರನ್ನು ಹುಡುಕುವುದು. ಇವರ ಕೆಲಸದ ವರದಿ ಬರೆಯುವ ಅಧಿಕಾರಿ ಆಗಬಾರದು, ಅವರೆದುರು ಯಾರೂ ಸೋತೆ ಅನ್ನುವುದಿಲ್ಲ. ಇವರಿಗೇ ಗೊತ್ತಿದ್ದ ನಿವೃತ್ತ ಎಚ್‌ಎಂ ಒಬ್ಬರು ಒಪ್ಪಿದರು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅವರಿಗೆ ಫೋನ್. ಆ ಹಿರಿಯರಿಗೂ ಒಂದು ಮಾತು ಹೇಳಿದೆ: ನಿಮ್ಮ ಶಾಲೆಯಲ್ಲಿ ಹೇಗೆ ಮಾಡಿದ್ರಿ ಅಂತ ಕೊನೆಗೆ ಹೇಳಿ, ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಅವರು ತುಂಬಾ ಒಳ್ಳೆಯ ಪ್ರಶ್ನೆ ಕೇಳುತ್ತಿದ್ದರಂತೆ. "ಈ ಪಟ್ಟಿಯಲ್ಲಿ ಯಾವುದು ನಾಳೆ ಆಗದಿದ್ರೆ ಮಕ್ಕಳಿಗೆ ತೊಂದರೆ ಆಗುತ್ತಮ್ಮಾ?" ಎರಡು ಮೂರು ಕೆಲಸ ಬಿಟ್ಟರೆ ಉಳಿದವು ಕಾಯುವಂಥವೇ ಆಗಿದ್ದವು.

ಅರ್ಜಿ ಕೊಡಲಿಲ್ಲ. ನಿದ್ದೆ ಬರುತ್ತಿದೆ, ಬಿಪಿ ಮಾತ್ರೆ ನಡೆದಿದೆ. ಮೇಷ್ಟ್ರು ಸಂಜೆ ತರಗತಿ ವಹಿಸಿಕೊಂಡರು, ಆದರೆ ಮನಸ್ಸಿನ ಬಿಗುವು ಪೂರ್ತಿ ಹೋಗಿಲ್ಲ. ಹೋಗದೆಯೂ ಇರಬಹುದು, ಅಷ್ಟರಿಂದ ಶಾಲೆ ನಿಲ್ಲುವುದಿಲ್ಲ ಎಂದು ಅವರಿಗೆ ಹೇಳಿದ್ದೇನೆ.

ಬಡ್ತಿಯ ಪಟ್ಟಿಯಲ್ಲಿ ಹೆಸರಿರುವ ಶಿಕ್ಷಕರಿಗೆ ಒಂದು ಮಾತು. ಆದೇಶ ಬರುವ ಮೊದಲೇ ನಿಮ್ಮ ಎಚ್‌ಎಂ ಪಕ್ಕದಲ್ಲಿ ಒಂದು ತಿಂಗಳು ಕೂತು ಸಂಬಳದ ಬಿಲ್, ಕ್ಯಾಷ್ ಬುಕ್ ನೋಡಿ, ಒಂದು ಎಸ್‌ಡಿಎಂಸಿ ಸಭೆಯನ್ನು ಪೂರ್ತಿ ನೋಡಿ. ಹೊಸ ಶಾಲೆಯಲ್ಲಿ ಚಾರ್ಜ್ ತೆಗೆದುಕೊಳ್ಳುವಾಗ ಪಟ್ಟಿಯಲ್ಲಿರುವ ಒಂದೊಂದು ವಸ್ತುವನ್ನೂ ಕಣ್ಣಾರೆ ನೋಡಿಯೇ ಸಹಿ ಹಾಕಿ. ಶನಿವಾರ ಯಾರಿಗೆ ಫೋನ್ ಮಾಡುತ್ತೀರಿ ಎಂಬುದನ್ನು ಸೇರುವ ಮೊದಲೇ ಗೊತ್ತು ಮಾಡಿಕೊಳ್ಳಿ.