ಶೀಟ್ ಮೆಟಲ್ ಕೆಲಸಕ್ಕೆ ಯಾವ ಕಟ್ ರೆಸಿಸ್ಟೆಂಟ್ ಗ್ಲೌಸ್ ತಗೊಳ್ಳಬೇಕು?

ನೀವು ಕೇಳಿರುವುದು ಇಷ್ಟು. ಪೀಣ್ಯದಲ್ಲಿ ಸಣ್ಣ ಶೀಟ್ ಮೆಟಲ್ ಶಾಪ್, ಎಲೆಕ್ಟ್ರಿಕಲ್ ಪ್ಯಾನೆಲ್ ಬಾಕ್ಸ್ ಮಾಡುತ್ತೀರಿ. ಹುಡುಗರು ಪದೇ ಪದೇ ಕೈ ಕುಯ್ದುಕೊಳ್ಳುತ್ತಿದ್ದಾರೆ. ಓನರ್ "ಲೆವೆಲ್ 5 ಗ್ಲೌಸ್ ತಂದು ಎಲ್ಲರಿಗೂ ಕೊಟ್ಟುಬಿಡು" ಅಂದಿದ್ದಾರೆ. ಅಂಗಡಿಯಲ್ಲಿ ನೋಡಿದರೆ ಎಲ್ಲದರ ಮೇಲೂ 5 ಅಂತಲೇ ಇದೆ, ಬೆಲೆ ಮಾತ್ರ ಒಂದಕ್ಕಿಂತ ಒಂದು ಜಾಸ್ತಿ. ಯಾವುದನ್ನು ತಗೊಳ್ಳುವುದು?

ನಾನು ಪ್ರೆಸ್ ಶಾಪ್, ಫ್ಯಾಬ್ರಿಕೇಶನ್ ಯೂನಿಟ್‌ಗಳಲ್ಲೇ ಸೇಫ್ಟಿ ಕೆಲಸ ನೋಡಿಕೊಂಡು ಬಂದವನು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎಲ್ಲರಿಗೂ ಒಂದೇ ಗ್ಲೌಸ್ ತರಬೇಡಿ. ಮೊದಲು ಹಿಡಿತ ನೋಡಿ, ಆಮೇಲೆ ಸೈಜ್, ಆಮೇಲೆ ಲೆವೆಲ್. ಡ್ರಿಲ್ಲಿಂಗ್ ಮೆಷಿನ್ ಹತ್ತಿರ ಮಾತ್ರ ಯಾವ ಗ್ಲೌಸೂ ಬೇಡ.

ಹಿಡಿತ ಯಾಕೆ ಮೊದಲು? ನಾಳೆ ಬೆಳಿಗ್ಗೆ ಶೀಟ್ ಕತ್ತರಿಸುವ ಶೇರಿಂಗ್ ಮೆಷಿನ್ ಪಕ್ಕ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಸಿಆರ್ (ಕೋಲ್ಡ್ ರೋಲ್ಡ್ ಸ್ಟೀಲ್) ಶೀಟಿನ ಕಟ್ಟಿನಿಂದ ಹೆಲ್ಪರ್ ಒಂದು ಶೀಟ್ ಎತ್ತುತ್ತಾನೆ. ತುಕ್ಕು ಹಿಡಿಯದಿರಲಿ ಅಂತ ಸವರಿದ ಎಣ್ಣೆಯಿಂದ ಎರಡು ಶೀಟ್ ಅಂಟಿಕೊಂಡಿರುತ್ತವೆ. ಅವನು ಎಡಗೈಯಲ್ಲಿ ಮೂಲೆ ಎತ್ತಿ, ಬಲಗೈ ಬೆರಳುಗಳನ್ನು ಸಂದಿಗೆ ತೂರಿಸಿ ಬಿಡಿಸುತ್ತಾನೆ. ಕೆಳಗಿನದು ಥಟ್ ಅಂತ ಬಿಟ್ಟುಕೊಳ್ಳುತ್ತದೆ, ಮೇಲಿನದು ಅಂಗೈ ಮೇಲೆ ಒಂದೆರಡು ಇಂಚು ಜಾರುತ್ತದೆ. ಕೊಯ್ಯುವುದು ಆ ಜಾರುವ ಗಳಿಗೆಯಲ್ಲಿ. ಅಂಚು ಒತ್ತಿದರೆ ಗೀರು ಬೀಳುತ್ತದೆ, ಒತ್ತಿಕೊಂಡು ಜಾರಿದರೆ ಚರ್ಮ ಸೀಳುತ್ತದೆ. ಶೀಟ್ ಜಾರದ ಹಾಗೆ ಹಿಡಿಯುವ ಗ್ಲೌಸ್, ಲೆವೆಲ್ ಸ್ವಲ್ಪ ಕಡಿಮೆ ಇದ್ದರೂ ಕೈ ಉಳಿಸುತ್ತದೆ. ಎಣ್ಣೆಯಲ್ಲಿ ಜಾರುವ ಗ್ಲೌಸ್ ಎಷ್ಟು ದೊಡ್ಡ ಲೆವೆಲ್ಲಿನದಾದರೂ ನನಗೆ ಬೇಡ.

ಹಿಡಿತ ಬರುವುದು ಅಂಗೈ ಮೇಲಿನ ಕೋಟಿಂಗ್‌ನಿಂದ. ಎಣ್ಣೆ ಶೀಟ್ ಹಿಡಿಯುವವರಿಗೆ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೋಟಿಂಗ್ ಕೊಡಿ, ಅದರಲ್ಲೂ ಮರಳು ಹಾಕಿದ ಹಾಗೆ ತರಿತರಿಯಾಗಿರುವುದು. ಒಣ ಕೆಲಸಕ್ಕೆ, ಅಸೆಂಬ್ಲಿಗೆ, ಸಣ್ಣ ಸ್ಕ್ರೂ ಹೆಕ್ಕುವವರಿಗೆ ಪಿಯು, ಅಂದರೆ ಪಾಲಿಯುರೆಥೇನ್ ಕೋಟಿಂಗ್ ಚೆನ್ನಾಗಿರುತ್ತದೆ. ತೆಳುವಾಗಿರುತ್ತದೆ, ಬೆರಳಿಗೆ ಸ್ಪರ್ಶ ತಿಳಿಯುತ್ತದೆ. ಲೇಟೆಕ್ಸ್ ಬೇಡ. ಮಿನರಲ್ ಆಯಿಲ್ ತಗುಲಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಕೋಟಿಂಗ್ ಅಂಗೈ ಮತ್ತು ಬೆರಳಿಗೆ ಮಾತ್ರ ಇದ್ದರೆ ಸಾಕು. ಪೂರ್ತಿ ಅದ್ದಿದ ಗ್ಲೌಸ್ ಬೇಸಿಗೆಯಲ್ಲಿ ಬೆವರು ಹಿಡಿದು, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ತೆಗೆದಿಟ್ಟಿರುತ್ತಾರೆ.

ಈಗ ಆ "5"ರ ವಿಷಯ. ಯುರೋಪಿನ ಇಎನ್ 388 ಅನ್ನುವ ಮಾನದಂಡದ ಗುರುತು ನಮ್ಮಲ್ಲಿ ಸಿಗುವ ಹೆಚ್ಚಿನ ಗ್ಲೌಸ್ ಮೇಲೂ ಇರುತ್ತದೆ. ಸುತ್ತಿಗೆಯ ಚಿತ್ರ, ಅದರ ಕೆಳಗೆ ಅಂಕಿ ಮತ್ತು ಅಕ್ಷರ. ಉದಾಹರಣೆಗೆ 4ಎಕ್ಸ್43ಸಿ ಅಂತ ಇದೆ ಅಂದುಕೊಳ್ಳಿ. ಮೊದಲ ಅಂಕಿ ಉಜ್ಜಾಟಕ್ಕೆ ಎಷ್ಟು ತಡೆಯುತ್ತದೆ ಅನ್ನುವುದು. ಎರಡನೆಯದು ಹಳೆಯ ಕಟ್ ಪರೀಕ್ಷೆ, ಇದಕ್ಕೆ 5ರವರೆಗೆ ಅಂಕ. ಮೂರನೆಯದು ಹರಿಯುವಿಕೆ, ನಾಲ್ಕನೆಯದು ಚುಚ್ಚುವಿಕೆ. ಕೊನೆಯ ಅಕ್ಷರ ಹೊಸ ಕಟ್ ಪರೀಕ್ಷೆ. ಎಕ್ಸ್ ಇದ್ದರೆ ಆ ಪರೀಕ್ಷೆ ಮಾಡಿಲ್ಲ ಅಂತ ಅರ್ಥ, ಗ್ಲೌಸ್ ಫೇಲ್ ಆಗಿದೆ ಅಂತಲ್ಲ. ಅಂಗಡಿಯವರು "ಲೆವೆಲ್ 5" ಅನ್ನುವುದು ಸಾಮಾನ್ಯವಾಗಿ ಈ ಎರಡನೇ ಅಂಕಿಯನ್ನು.

ಆ ಹಳೆಯ ಪರೀಕ್ಷೆಯಲ್ಲಿ ಒಂದು ಗುಂಡನೆಯ ಬ್ಲೇಡ್ ಹಗುರವಾದ ಭಾರದಲ್ಲಿ ಬಟ್ಟೆ ಮೇಲೆ ಹಿಂದೆ ಮುಂದೆ ಓಡುತ್ತದೆ. ನೂಲಿನಲ್ಲಿ ಗಾಜಿನ ಎಳೆ ಅಥವಾ ಸ್ಟೀಲ್ ತಂತಿ ಇದ್ದರೆ ಬ್ಲೇಡೇ ಮೊಂಡಾಗುತ್ತದೆ. ಮೊಂಡು ಬ್ಲೇಡ್ ಕೊಯ್ಯಲಾರದು, ಅಂಕ ಏರುತ್ತದೆ. ಅದಕ್ಕೇ 2016ರಲ್ಲಿ ಮಾನದಂಡ ಬದಲಾಗಿ ಅಕ್ಷರ ಬಂತು. ಹೊಸ ಪರೀಕ್ಷೆಯಲ್ಲಿ ನೇರ ಬ್ಲೇಡನ್ನು 20 ಮಿಲಿಮೀಟರ್ ಎಳೆಯುತ್ತಾರೆ. ಅಷ್ಟರಲ್ಲಿ ಬಟ್ಟೆ ಕತ್ತರಿಸಿ ಹೋಗಲು ಎಷ್ಟು ಬಲ ಬೇಕಾಯಿತು ಅಂತ ಅಳೆಯುತ್ತಾರೆ. ಎ ಅಂದರೆ 2 ನ್ಯೂಟನ್, ಬಿ 5, ಸಿ 10, ಡಿ 15, ಇ 22, ಎಫ್ 30. ನಮ್ಮ ಲೆಕ್ಕದಲ್ಲಿ ಸಿ ಅಂದರೆ ಸುಮಾರು ಒಂದು ಕಿಲೋ ಒತ್ತಡ, ಎಫ್ ಅಂದರೆ ಸುಮಾರು ಮೂರು ಕಿಲೋ. ನಿಮ್ಮ ಕೈಲಿರುವ ಎರಡು "5"ರಲ್ಲಿ ಒಂದರ ಅಕ್ಷರ ಬಿ, ಇನ್ನೊಂದರದು ಡಿ ಇರಬಹುದು. ಬೆಲೆ ವ್ಯತ್ಯಾಸಕ್ಕೆ ಇದೂ ಒಂದು ಕಾರಣ. ಅಕ್ಷರವೇ ಇಲ್ಲದ ಗ್ಲೌಸ್ ತಗೊಳ್ಳಬೇಡಿ. ಕೆಲವದರ ಮೇಲೆ ಅಮೆರಿಕದ ಗುರುತು ಇರುತ್ತದೆ, ಎ1ರಿಂದ ಎ9ರವರೆಗೆ. ಅಲ್ಲಿಯ ಎ4 ಅಂದರೆ 1500 ಗ್ರಾಂ, ಇಲ್ಲಿಯ ಡಿಗೆ ಹತ್ತಿರ.

ಇನ್ನೊಂದು ಮಾತು. ಈ ಪರೀಕ್ಷೆ ಅಂಗೈ ಭಾಗದ ತುಂಡಿನ ಮೇಲೆ ನಡೆಯುತ್ತದೆ. ಕೋಟಿಂಗ್ ಇಲ್ಲದ ಹಿಂಗೈಯೂ ಅಷ್ಟೇ ತಡೆಯುತ್ತದೆ ಅಂತ ನಂಬಿಕೊಳ್ಳಬೇಡಿ. ಚುಚ್ಚುವ ಪರೀಕ್ಷೆಯ ಮೊಳೆಯೂ ದಪ್ಪನೆಯದು. ಸೂಜಿಯಂಥ ತಂತಿ ತುದಿಗೆ ಆ ಅಂಕ ಲಾಗೂ ಆಗುವುದಿಲ್ಲ.

ನಿಮ್ಮ ಶಾಪಿಗೆ ನಾನಾಗಿದ್ದರೆ ಹೀಗೆ ಕೊಡುತ್ತಿದ್ದೆ. ಶೇರಿಂಗ್, ಶೀಟ್ ಹೊರುವುದು, ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪಾದ ಮುಳ್ಳು) ತೆಗೆಯದ ಪೀಸ್ ಜೋಡಿಸುವುದು: ಡಿ, ತರಿತರಿ ನೈಟ್ರೈಲ್. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೆಚ್ಚುವರಿ ಹೊಲಿಗೆ ಅಥವಾ ಪಟ್ಟಿ ಇರಲಿ, ಗ್ಲೌಸ್ ಮೊದಲು ಹರಿಯುವುದು ಅಲ್ಲೇ. ದಪ್ಪ ಸ್ಟೇನ್‌ಲೆಸ್ ಶೀಟ್ ಇದ್ದರೆ ಇ. ಬೆಂಡಿಂಗಿಗೆ ಸಿ ಅಥವಾ ಡಿ. ಬರ್ ತೆಗೆದಾದ ಮೇಲಿನ ಅಸೆಂಬ್ಲಿ, ವೈರಿಂಗ್, ಪ್ಯಾಕಿಂಗ್‌ಗೆ ಬಿ, ತೆಳುವಾದ ಪಿಯು. ಅಸೆಂಬ್ಲಿಯವರಿಗೂ ಇ ಕೊಟ್ಟರೆ ಏನಾಗುತ್ತದೆ ಗೊತ್ತಾ? ಎಂ4 ಸ್ಕ್ರೂ ಹಿಡಿಯಲು ಆಗುವುದಿಲ್ಲ ಅಂತ ಬೆರಳ ತುದಿಗಳನ್ನು ಕತ್ತರಿಸಿಕೊಳ್ಳುತ್ತಾರೆ. ತುದಿ ಕತ್ತರಿಸಿದ ಗ್ಲೌಸ್ ಕಂಡರೆ ಆ ಹುಡುಗನನ್ನು ಬೈಯಬೇಡಿ. ಅವನ ಕೆಲಸಕ್ಕೆ ಆ ಗ್ಲೌಸ್ ಸರಿಯಿಲ್ಲ.

ನೂಲಿನ ಬಗ್ಗೆ ಒಂದೆರಡು ಮಾತು. ಹೆಚ್ಚಿನವು ಎಚ್‌ಪಿಪಿಇ, ಅಂದರೆ ಗಟ್ಟಿ ಪಾಲಿಥೀನ್ ನೂಲು. ಹಗುರ, ತಂಪು, ಒಗೆದರೂ ಬಾಳುತ್ತದೆ. ಆದರೆ 150 ಡಿಗ್ರಿ ಹತ್ತಿರ ಬಂದರೆ ಕರಗುತ್ತದೆ. ವೆಲ್ಡಿಂಗ್ ಕಿಡಿ, ಗ್ಯಾಸ್ ಕಟಿಂಗ್ ಮಾಡಿದ ಬಿಸಿ ಅಂಚು ಇರುವ ಕಡೆ ಇದು ಬೇಡವೇ ಬೇಡ, ಅಲ್ಲಿಗೆ ಚರ್ಮದ ಗ್ಲೌಸೇ ಸರಿ. ಕೆವ್ಲಾರ್ ಥರದ ಅರಾಮಿಡ್ ನೂಲು ಬಿಸಿ ತಡೆಯುತ್ತದೆ, ಆದರೆ ಬಿಸಿಲು ಮತ್ತು ಬ್ಲೀಚ್ ಎರಡೂ ಅದಕ್ಕೆ ಆಗುವುದಿಲ್ಲ. ಗಾಜಿನ ಎಳೆ ಇರುವುದು ಸವೆದಾಗ ಕೆಲವರಿಗೆ ಕೈ ತುರಿಸುತ್ತದೆ. ಸ್ಟೀಲ್ ತಂತಿ ಇರುವುದನ್ನು ಹಾಕಿಕೊಂಡು ಕರೆಂಟ್ ಇರುವ ಪ್ಯಾನೆಲ್ ಟೆಸ್ಟಿಂಗಿಗೆ ಯಾರೂ ಹೋಗಬಾರದು. ನೀವು ಪ್ಯಾನೆಲ್ ಬಾಕ್ಸ್ ಮಾಡುವವರಾದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಸೈಜ್ ವಿಷಯವನ್ನು ಅಂಗಡಿಯವರು ಕೇಳುವುದೇ ಇಲ್ಲ, ಎಲ್ಲರಿಗೂ 9 ಅಥವಾ 10 ಕಟ್ಟಿಕೊಡುತ್ತಾರೆ. ಟೇಲರ್ ಟೇಪ್ ತಗೊಂಡು ಹೆಬ್ಬೆರಳು ಬಿಟ್ಟು ಗೆಣ್ಣುಗಳ ಹತ್ತಿರ ಅಂಗೈ ಸುತ್ತಳತೆ ನೋಡಿ. ಇಂಚಿನಲ್ಲಿ ಬಂದದ್ದೇ ಹೆಚ್ಚುಕಡಿಮೆ ಗ್ಲೌಸ್ ಸೈಜ್. ಎಂಟು ಇಂಚಿಗೆ 8. ಅಸೆಂಬ್ಲಿಯಲ್ಲಿ ಹೆಣ್ಣುಮಕ್ಕಳಿದ್ದರೆ 6, 7 ಬೇಕಾಗುತ್ತದೆ. ಬೆರಳ ತುದಿಯಲ್ಲಿ ಖಾಲಿ ಜಾಗ ಉಳಿದರೆ ಅದು ಶೀಟಿನ ಕೆಳಗೆ ಸಿಕ್ಕಿಕೊಳ್ಳುತ್ತದೆ, ಬೆಂಡಿಂಗ್ ಡೈ ಹತ್ತಿರ ಹಾಗಾಗಲೇಬಾರದು.

ಇನ್ನು ಡ್ರಿಲ್ಲಿಂಗ್. ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಸಾಮಾನ್ಯ ಹತ್ತಿ ಗ್ಲೌಸ್ ಡ್ರಿಲ್ಲಿಗೆ ಸಿಕ್ಕಿದರೆ ಒಮ್ಮೊಮ್ಮೆ ಹರಿದುಹೋಗುತ್ತದೆ. ಕಟ್ ರೆಸಿಸ್ಟೆಂಟ್ ಗ್ಲೌಸ್ ಸುಲಭಕ್ಕೆ ಹರಿಯುವುದಿಲ್ಲ, ಅದರ ಗುಣವೇ ಅದು. ತಿರುಗುವ ಬಿಟ್ ಒಂದು ಎಳೆ ಹಿಡಿದರೆ ಸಾಕು, ಗ್ಲೌಸಿನ ಜೊತೆ ಬೆರಳನ್ನೂ ಸುತ್ತಿಕೊಳ್ಳುತ್ತದೆ. ಲೇತ್, ಮಿಲ್ಲಿಂಗ್, ಟ್ಯಾಪಿಂಗ್ ಎಲ್ಲಕ್ಕೂ ಇದೇ ಮಾತು. ಅಲ್ಲಿ ಬರಿಗೈ, ಕ್ಲ್ಯಾಂಪ್ ಹಾಕಿದ ಪೀಸ್, ಚಿಪ್ಸ್ ತೆಗೆಯಲು ಬ್ರಶ್. ಡ್ರಿಲ್ ಪಕ್ಕ ಒಂದು ಕೊಕ್ಕೆ ಹೊಡೆಸಿ, ಗ್ಲೌಸ್ ಅಲ್ಲಿ ನೇತುಹಾಕಿಯೇ ಸ್ವಿಚ್ ಒತ್ತಬೇಕು ಅಂತ ರೂಲ್ ಮಾಡಿ. ಪವರ್ ಪ್ರೆಸ್ ಇದ್ದರೆ ಅಲ್ಲೂ ಯಾವ ಗ್ಲೌಸೂ ಕೈ ಜಜ್ಜುವುದನ್ನು ತಡೆಯುವುದಿಲ್ಲ. ಅದಕ್ಕೆ ಗಾರ್ಡ್ ಮತ್ತು ಎರಡೂ ಕೈಯಲ್ಲಿ ಒತ್ತುವ ಬಟನ್ ಬೇಕು.

ಶೀಟ್ ಹೊರುವವರ ಮುಂಗೈ ನೋಡಿದ್ದೀರಾ? ಮಣಿಕಟ್ಟಿನಿಂದ ಮೊಣಕೈವರೆಗೆ ಗೀರುಗಳೇ. ಗಿಡ್ಡ ಗ್ಲೌಸ್ ಅಲ್ಲಿಗೆ ಮುಟ್ಟುವುದಿಲ್ಲ. ಅದೇ ನೂಲಿನ ತೋಳುಗವಸು ಸಿಗುತ್ತದೆ, ಹೆಬ್ಬೆರಳಿಗೆ ತೂತು ಇರುವುದು ತಗೊಳ್ಳಿ, ಮೇಲೆ ಸರಿಯುವುದಿಲ್ಲ. ಮಣಿಕಟ್ಟಿನ ಒಳಭಾಗದಲ್ಲಿ ರಕ್ತನಾಳ, ನರ ಎಲ್ಲ ಮೇಲೇ ಇವೆ. ಅಂಗೈಗಿಂತ ಅಲ್ಲಿ ಕೊಯ್ದರೆ ನನಗೆ ಭಯ ಜಾಸ್ತಿ.

ಗ್ಲೌಸ್ ಖರ್ಚು ಬರೆಯುವಾಗ ಶೇರಿಂಗ್ ಬ್ಲೇಡ್ ಸಾಣೆಯ ಖರ್ಚನ್ನೂ ಓನರ್ ಮುಂದಿಡಿ. ಬ್ಲೇಡ್ ಮೊಂಡಾದರೆ, ಎರಡು ಬ್ಲೇಡ್ ನಡುವಿನ ಸಂದಿ ಜಾಸ್ತಿಯಾದರೆ ಬರ್ ದೊಡ್ಡದಾಗುತ್ತದೆ. ಬರ್ ದೊಡ್ಡದಾದರೆ ಗ್ಲೌಸೂ ಬೇಗ ಹರಿಯುತ್ತದೆ, ಕೈಯೂ ಕುಯ್ಯುತ್ತದೆ. ಕಟ್ ಆದ ತಕ್ಷಣ ಬರ್ ತೆಗೆದು ಮುಂದಕ್ಕೆ ಕಳಿಸಿದರೆ ಮುಂದಿನ ಎಲ್ಲರಿಗೂ ತೆಳು ಗ್ಲೌಸ್ ಸಾಕಾಗುತ್ತದೆ.

ಒಟ್ಟಿಗೆ ನೂರು ಜೊತೆ ಆರ್ಡರ್ ಮಾಡಬೇಡಿ. ಡೀಲರ್ ಹತ್ತಿರ ಎರಡು ಮೂರು ಮಾಡೆಲ್ ಸ್ಯಾಂಪಲ್ ಕೇಳಿ. ಜೊತೆಗೆ ಟೆಸ್ಟ್ ರಿಪೋರ್ಟ್ ಕೇಳಿ, ಅದರ ಮಾಡೆಲ್ ನಂಬರ್ ಮತ್ತು ಗ್ಲೌಸ್ ಮೇಲಿನ ನಂಬರ್ ಒಂದೇನಾ ನೋಡಿ. ಒಂದು ವಾರ ಕೆಲಸದವರ ಕೈಗೇ ಕೊಟ್ಟು, ಎಲ್ಲಿ ಜಾರಿತು, ಎಲ್ಲಿ ಬಿಗಿಯಾಯಿತು ಅಂತ ಅವರನ್ನೇ ಕೇಳಿ. ಬೆಲೆಯನ್ನು ಒಂದು ಜೊತೆಗೆ ಎಷ್ಟು ಅಂತ ನೋಡದೆ, ಅದು ಎಷ್ಟು ದಿನ ಬಂತು ಅಂತ ಭಾಗಿಸಿ ನೋಡಿ. ದುಬಾರಿ ಜೊತೆಯೇ ಅಗ್ಗವಾಗುವುದನ್ನು ನಾನು ತುಂಬಾ ಕಡೆ ನೋಡಿದ್ದೇನೆ. ಈ ದುಡ್ಡು ಕೆಲಸದವರ ಸಂಬಳದಲ್ಲಿ ಹಿಡಿಯುವಂತಿಲ್ಲ. ಸುರಕ್ಷತೆಗೆ ಕೊಡಬೇಕಾದ ಸಾಧನಕ್ಕೆ ಕಾರ್ಮಿಕರಿಂದ ಹಣ ತಗೊಳ್ಳಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 114ನೇ ಸೆಕ್ಷನ್ನೇ ಹೇಳಿತ್ತು.

ಎಣ್ಣೆ ಕುಡಿದ ಗ್ಲೌಸ್ ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಒಬ್ಬೊಬ್ಬರಿಗೆ ಎರಡು ಜೊತೆ ಕೊಡಿ, ಒಂದು ಒಗೆಯಲು ಹೋದಾಗ ಇನ್ನೊಂದು ಇರಲಿ. ನೂಲು ಕಾಣುವಷ್ಟು ಕೋಟಿಂಗ್ ಸವೆದಿದ್ದರೆ, ಒಂದೇ ಒಂದು ಎಳೆ ಕತ್ತರಿಸಿದ್ದರೂ ಬದಲಾಯಿಸಿ. ಹಳೆಯದು ತೋರಿಸಿದ ತಕ್ಷಣ ಹೊಸದು ಸಿಗಬೇಕು. ರಾತ್ರಿ ಪಾಳಿಯಲ್ಲಿ ಸ್ಟೋರಿಗೆ ಬೀಗ ಇರುತ್ತದೆ, ಅಲ್ವಾ? ಪ್ರತಿ ಸೈಜಿನ ಎರಡು ಜೊತೆ ಶೇರಿಂಗ್ ಮೆಷಿನ್ ಹತ್ತಿರದ ಕಪಾಟಿನಲ್ಲೇ ಇಟ್ಟುಬಿಡಿ.