ಯಾಟ್ ಮೊದಲ ಪ್ರಯಾಣಕ್ಕೆ ಹೊರಡುವ ಮುಂಚೆ ಸಿಬ್ಬಂದಿಯ ದಿನಗಳು ಹೇಗಿರುತ್ತವೆ?

ಹಾಯಿ ಬಿಚ್ಚಿ ಗಾಳಿಗೆ ಮುಖ ಕೊಟ್ಟು ನಿಲ್ಲುವುದೆಲ್ಲ ಆಮೇಲಿನ ಮಾತು. ಹೊರಡುವ ಮುಂಚಿನ ವಾರಗಳು ಹೆಚ್ಚಾಗಿ ದೋಣಿಯ ಹೊಟ್ಟೆಯೊಳಗೆ, ಟಾರ್ಚ್ ಹಿಡಿದು ಮಂಡಿಯೂರಿ ಕೂತೇ ಕಳೆಯುತ್ತವೆ.

ನೀರು ಒಳಗೆ ಹೊರಗೆ ಹೋಗಲು ದೋಣಿಯ ಮೈಯಲ್ಲಿ ತೂತುಗಳಿರುತ್ತವೆ. ಒಂದೊಂದಕ್ಕೂ ಒಂದು ವಾಲ್ವ್. ಅದನ್ನು ತಿರುಗಿಸಿ ನೋಡಬೇಕು, ಪೈಪಿನ ಕ್ಲಾಂಪ್ ಬಿಗಿ ಮಾಡಬೇಕು, ಆ ತೂತಿಗೆ ಸರಿಹೊಂದುವ ಮರದ ಬೆಣೆಯನ್ನು ಪಕ್ಕದಲ್ಲೇ ಕಟ್ಟಿಡಬೇಕು. ಪೈಪ್ ಕಿತ್ತು ಬಂದಾಗ ಕತ್ತಲಲ್ಲಿ ಬೆಣೆ ಹುಡುಕುತ್ತಾ ಕೂರೋಕಾಗಲ್ಲ, ಅಲ್ವಾ? ನನ್ನ ಪ್ರಕಾರ ಇದಕ್ಕಿಂತ ಮುಖ್ಯ ಕೆಲಸ ಇನ್ನೊಂದಿಲ್ಲ.

ಆಮೇಲೆ ದಿನಸಿ. ರಟ್ಟಿನ ಪೆಟ್ಟಿಗೆಗಳನ್ನು ದಡದಲ್ಲೇ ಬಿಡುತ್ತಾರೆ, ಅವುಗಳಲ್ಲಿ ಜಿರಳೆ ಮೊಟ್ಟೆ ಇರಬಹುದು. ತಳದಲ್ಲಿಡುವ ಟಿನ್‌ಗಳ ಕಾಗದ ಕಿತ್ತು, ಮಾರ್ಕರ್‌ನಲ್ಲಿ ಹೆಸರು ಬರೆಯುತ್ತಾರೆ. ಇಲ್ಲದಿದ್ದರೆ ಒದ್ದೆ ಕಾಗದ ಕಳಚಿ ನೀರೆತ್ತುವ ಪಂಪಿಗೆ ಸಿಕ್ಕಿಕೊಳ್ಳುತ್ತದೆ.

ಜಾಗ ಕಡಿಮೆ, ಸುಸ್ತು ಜಾಸ್ತಿ. ಸಣ್ಣದಕ್ಕೂ ಸಿಡುಕು ಬರುತ್ತದೆ. ಬೆಳಿಗ್ಗೆ ಕೆಲಸ ಹಂಚಿಕೊಂಡು, ರಾತ್ರಿ ಒಟ್ಟಿಗೆ ಕೂತು ಊಟ ಮಾಡಿದರೆ ಎಷ್ಟೋ ಹಗುರ.

ಕೊನೆಗೆ ದಡದ ಹತ್ತಿರವೇ ಒಂದೆರಡು ದಿನ ಓಡಿಸಿ ನೋಡಿ, ರಾತ್ರಿ ಪಾಳಿಯನ್ನೂ ಅಭ್ಯಾಸ ಮಾಡಿ. ಎಲ್ಲಿ ಸೋರುತ್ತದೆ, ಯಾರಿಗೆ ವಾಂತಿ ಬರುತ್ತದೆ ಅನ್ನುವುದು ಆಗಲೇ ಗೊತ್ತಾಗುತ್ತದೆ.